ಹೋಂಸ್ಕೂಲಿಗೆ ಮೇಷ್ಟ್ರು ಬೇಕಾಗಿದ್ದಾರೆ

ಗಂಡ: ಒಂದನೇ ಕ್ಲಾಸಿಗೇ ಲಕ್ಷ ಕೇಳ್ತಾರೆ ಕಣೇ. ಮಗಳಿಗೆ ಮನೇಲೇ ಪಾಠ ಹೇಳೋಣ.

ಹೆಂಡತಿ: ಹೇಳೋರು ಯಾರು?

ಗಂಡ: ನೀನು. ನಾನು ಪ್ರಿನ್ಸಿಪಾಲ್.

ಹೆಂಡತಿ: ಸಂಬಳ?

ಗಂಡ: ಟಾಗೋರರು ಶಾಲೆ ಬಿಟ್ಟೇ ದೊಡ್ಡೋರಾದ್ರು!

ಹೆಂಡತಿ: ಆಮೇಲೆ 1901ರಲ್ಲಿ ಶಾಂತಿನಿಕೇತನದಲ್ಲಿ ತಾವೇ ಶಾಲೆ ತೆರೆದ್ರು. ಅಲ್ರೀ, 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಏನನ್ನುತ್ತೆ ಅಂತ ಓದಿದ್ದೀರಾ?

ಗಂಡ: ಪರೀಕ್ಷೆಗೆ ಎನ್‌ಐಒಎಸ್ ಮುಕ್ತ ಶಾಲೆ ಇದೆ ಬಿಡು.

(ಪ್ರಿನ್ಸಿಪಾಲರ ಕಣ್ಣು ಮೊಬೈಲಿನ ಕ್ರಿಕೆಟ್ ಮೇಲೆ. ವಿದ್ಯಾರ್ಥಿನಿ ಹೊಸ ಸುಣ್ಣದ ಗೋಡೆಗೆ ಕ್ರೇಯಾನಿನಲ್ಲಿ ಆನೆ ಬರೆಯುತ್ತಿದ್ದಾಳೆ.)

ಗಂಡ: ನಿನ್ನೆ ಏಳರ ಮಗ್ಗಿ ನಾನೇ ಹೇಳಿಕೊಟ್ಟೆನಲ್ಲ?

ಹೆಂಡತಿ: ಹೌದು, ಏಳೆಂಟ್ಲೆ ಐವತ್ನಾಲ್ಕು ಅಂತ. ಬಾಯಿಪಾಠವೂ ಆಗಿಹೋಯ್ತು. ಪಕ್ಕದ ಬೀದಿ ಸರ್ಕಾರಿ ಶಾಲೇಲಿ ಫೀಸಿಲ್ಲ, ಬಿಸಿಯೂಟ ಇದೆ. ನಾಳೆ ಸೇರಿಸಿ ಬನ್ನಿ. ಮೇಷ್ಟ್ರು ಒಪ್ಪಿದ್ರೆ ಹಿಂದಿನ ಬೆಂಚಲ್ಲಿ ನೀವೂ ಕೂತ್ಕೊಳ್ಳಿ.