ಕೌದಿಯ ಮೇಲಿನ ಲ್ಯಾಪ್‌ಟಾಪ್

ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಎಂಬುದು, ‘ಓದಿಗೆ ಬೇಕೇ ಬೇಕು’ ಎಂಬ ವಾದದ ಬಲದಿಂದ ಥ್ಯಾಂಕ್ಸ್‌ಗಿವಿಂಗ್ ರಿಯಾಯಿತಿಯಲ್ಲಿ ಮನೆ ಸೇರಿ, ಓದೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಬಳಕೆಯಾಗುವ ಉಪಕರಣ. ಆಟದ ನಡುವೆ ಅದರ ಪರದೆ ಕಪ್ಪಾದರೆ ಮನೆಮಂದಿಯೆಲ್ಲ ರೋಗನಿದಾನಕ್ಕೆ ಕೂರುತ್ತಾರೆ; ಹಗಲೆಲ್ಲ ಸಾಫ್ಟ್‌ವೇರ್ ಬರೆದು ದಣಿದ ತಂದೆಯ ಪಾಂಡಿತ್ಯ ‘ಒಮ್ಮೆ ಆಫ್ ಮಾಡಿ ಆನ್ ಮಾಡು’ ಎಂಬಲ್ಲಿಗೆ ಮುಗಿದರೆ, ತಾಯಿಯ ಪ್ರಕಾರ ಆಟವೇ ರೋಗ.

ಮಗ ಮಾತ್ರ ಡ್ರೈವರಿನ ಕಡೆ, ಅಂದರೆ ವಿಂಡೋಸ್‌ಗೂ ಗ್ರಾಫಿಕ್ಸ್ ಚಿಪ್‌ಗೂ ನಡುವೆ ಮಾತು ದಾಟಿಸುವ ತಂತ್ರಾಂಶದ ಕಡೆ, ಬೆರಳು ತೋರಿಸುತ್ತಾನೆ. ಅದರಲ್ಲಿ ಹುರುಳಿಲ್ಲದಿಲ್ಲ: ಚಿಪ್ 2 ಸೆಕೆಂಡಿನೊಳಗೆ ಓಗೊಡದಿದ್ದರೆ ವಿಂಡೋಸ್ ಸಾಮಾನ್ಯವಾಗಿ ಡ್ರೈವರನ್ನು ಮರುಚಾಲನೆಗೊಳಿಸುತ್ತದೆ, ಆ ಗಳಿಗೆಯಲ್ಲೇ ಪರದೆ ಆರಿ ಆಟ ಮುಗ್ಗರಿಸುತ್ತದೆ. ಇಂಥಲ್ಲಿ ಸೇಫ್ ಮೋಡ್‌ಗೆ ಹೋಗಿ, ಡಿಡಿಯು ಎಂಬ ಉಚಿತ ಸಾಧನದಿಂದ ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದನ್ನು ಹಾಕುವುದು ರೂಢಿ. ಆ ಹೊತ್ತಿನಲ್ಲಿ ಇಂಟರ್ನೆಟ್ ಕಡಿದಿಡದಿದ್ದರೆ, ಸೊಸೆ ಹದಮಾಡಿಟ್ಟ ಸಾರಿಗೆ ಅತ್ತೆ ಬಂದು ಮತ್ತೊಮ್ಮೆ ಉಪ್ಪು ಹಾಕಿದಂತೆ, ವಿಂಡೋಸ್ ಅಪ್‌ಡೇಟ್ ತನ್ನಲ್ಲಿದ್ದ ಬೇರೊಂದು ಆವೃತ್ತಿಯನ್ನು ತಾನಾಗಿಯೇ ತಂದು ಕೂರಿಸುವುದುಂಟು. ಹೊಸ ಡ್ರೈವರೆಲ್ಲ ಒಳ್ಳೆಯದೇ ಎಂಬ ನಂಬಿಕೆಗೂ ಪೂರ್ತಿ ಆಧಾರವಿಲ್ಲ: 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಹೊರತಂದ 196.75 ಸಂಖ್ಯೆಯ ಡ್ರೈವರಿನಿಂದ ಕೆಲವು ಕಾರ್ಡುಗಳ ಫ್ಯಾನುಗಳೇ ಸರಿಯಾಗಿ ತಿರುಗದೆ ಕಾವೇರಿದ ಕಾರಣ, ಕಂಪನಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಬಿಸಿಯ ಪ್ರಕರಣ ಹೆಚ್ಚಾಗಿ ಬೇರೆಯದೇ, ಮತ್ತು ಅದರ ಮೂಲ ಧಾರವಾಡದ್ದು. ಆರು ತಿಂಗಳ ಮಟ್ಟಿಗೆ ಬಂದ ಅಜ್ಜಿ ಸೂಟ್‌ಕೇಸಿನಲ್ಲಿ ತಂದ ಕೌದಿ, ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಆ ಹೊದಿಕೆ, ಚಳಿಗಾಲದುದ್ದಕ್ಕೂ ಮೊಮ್ಮಗನ ಮಂಚದ ಮೇಲಿರುತ್ತದೆ; ಅದರ ಮೇಲೆ ಲ್ಯಾಪ್‌ಟಾಪ್. ತಳದ ಕಿಂಡಿಗಳಿಂದ ಗಾಳಿ ಎಳೆಯಬೇಕಾದ ಫ್ಯಾನು ಇಳಕಲ್ ಸೀರೆಯ ನೂಲಿನ ಎಳೆಗಳನ್ನು ಎಳೆದುಕೊಂಡು, ಶಾಖ ಹೊರಹಾಕುವ ತೆಳು ಲೋಹದ ಹಲ್ಲುಗಳ ನಡುವೆ ಬತ್ತಿಯಂತೆ ತುರುಕಿರುತ್ತದೆ. ಚಿಪ್‌ನ ಬಿಸಿ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಇದಕ್ಕೆ ಯಾವ ಡ್ರೈವರಿನಲ್ಲೂ ಮದ್ದಿಲ್ಲ. ಅಜ್ಜಿಯ ತರ್ಕವೂ ತಳ್ಳಿಹಾಕುವಂಥದ್ದಲ್ಲ: “ಹೊರಗ ಹಿಮಾ ಬೀಳಾಕತ್ತೈತಿ, ಅದಕ್ಕೂ ಥಂಡಿ ಹತ್ತೂದಿಲ್ಲೇನು?”

ಕೊನೆಗೆ ಧೂಳು ತೆಗೆಸಿದ ಲ್ಯಾಪ್‌ಟಾಪ್ ಊಟದ ಮೇಜಿಗೆ ಬಂದು, ತಂದೆಯು ಸಂದರ್ಶನಕ್ಕೆಂದು ಕೊಂಡಿದ್ದ ಜಾವಾ ಪುಸ್ತಕಗಳ ಮೇಲೆ ಹಿಂಬದಿ ಎತ್ತರಿಸಿಕೊಂಡು ತಣ್ಣಗಾಗುತ್ತದೆ. ಮಗ ಅದನ್ನು ಹೊಸ ಡ್ರೈವರಿನ ಖಾತೆಗೆ ಬರೆದುಕೊಂಡರೂ, ಆ ಮೇಜು ಅಡುಗೆಮನೆಯಿಂದ ನೇರ ಕಾಣುತ್ತದೆಂಬುದನ್ನು ತಾಯಿ ಮೊದಲೇ ಲೆಕ್ಕ ಹಾಕಿರುತ್ತಾಳೆ.