ಗುಂಯ್‌ಗುಡುವ ಗುಮಾಸ್ತರ ಸಂದರ್ಶನ

ಜಯನಗರದ ಮನೆಯೊಂದರ ಅಡುಗೆಕಟ್ಟೆಯ ಮೂಲೆಯಲ್ಲಿ, ಆಲೂಗಡ್ಡೆ ಬುಟ್ಟಿಗೆ ಒತ್ತಿಕೊಂಡು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೂತಿತ್ತು. ತವರು ಎಸ್.ಪಿ. ರಸ್ತೆ. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ತೂಕ. ಮಗ-ಸೊಸೆ ಅಮೆರಿಕ ಬಿಟ್ಟು ಬರುವಾಗ ಹಡಗಿಗೆ ಹೇರಿ ತಂದ ಕಾಫಿ ಮೇಕರ್, ಮೈಕ್ರೋವೇವ್, ಕೇಕ್ ಹಿಟ್ಟು ಕಲಸುವ ಯಂತ್ರ ಮೂರಕ್ಕೂ ಇದರದೇ ಸಹಿ ಬೀಳಬೇಕು. ಪತ್ರಿಕೆಯ ಪ್ರತಿನಿಧಿ ಕುರ್ಚಿ ಎಳೆದುಕೊಳ್ಳುವ ಮೊದಲೇ ಅದು ಗುಂಯ್ ಎಂದಿತು.

‘ತಮ್ಮ ಕೆಲಸವೇನು?’

‘230 ವೋಲ್ಟ್ ಒಳಗೆ ತಗೊಂಡು, 120 ಮಾಡಿ ಮುಂದಿನ ಟೇಬಲ್ಲಿಗೆ ಕಳಿಸೋದು ಸ್ವಾಮಿ. ಸ್ವಿಚ್ ಆರಿಸದೆ ಬಿಟ್ರೆ ಕೆಲಸ ಇಲ್ಲದೆಯೂ ಒಂದಿಷ್ಟು ಕರೆಂಟ್ ತಿಂತೀನಿ.’ ಈ ಮಾತಿಗೆ ಅದು ಸ್ವಲ್ಪವೂ ನಾಚಲಿಲ್ಲ.

‘ಅಷ್ಟಕ್ಕೆ ತಾವೇ ಬೇಕೆ? ಅಂಗಡಿಯಲ್ಲಿ ಅಗ್ಗಕ್ಕೆ ಅಡಾಪ್ಟರ್ ಸಿಗುತ್ತಲ್ಲ?’

ಟ್ರಾನ್ಸ್‌ಫಾರ್ಮರ್ ಕೆರಳಿತು. ‘ಅವನು ಬಾಗಿಲು ತೆಗೆಯೋ ಜವಾನ! ಪಿನ್ನಿನ ಆಕಾರ ಹೊಂದಿಸ್ತಾನೆ, ವೋಲ್ಟೇಜ್ ಮುಟ್ಟಲ್ಲ. ಕಾಫಿ ಮೇಕರ್ ಲೆಕ್ಕ ಬರ್ಕೊಳ್ಳಿ. ಅಲ್ಲಿ 120 ವೋಲ್ಟಿಗೆ 900 ವಾಟ್. ಅವನನ್ನ ನಂಬಿ ಇಲ್ಲಿ ನೇರ ಸಿಕ್ಕಿಸಿದ್ರೆ ವೋಲ್ಟೇಜ್ ಹತ್ತಿರಹತ್ತಿರ ದುಪ್ಪಟ್ಟು. ಕಾವು ಮಾತ್ರ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಸುಮಾರು 3300 ವಾಟ್! ತಮಾಷೆ ಕೇಳಿ, ಆಗ ಅದು ಎಳೆಯೋದು 14 ಆಂಪ್ ಚಿಲ್ಲರೆ. 16 ಆಂಪಿನ ಎಂಸಿಬಿ ಮಿಸುಕೋದೇ ಇಲ್ಲ. ಒಳಗಿನ ಕಾಯಿಲ್ ಸುಟ್ಟು ವಾಸನೆ ಬಂದ ಮೇಲೇ ಮನೆಯವರಿಗೆ ಗೊತ್ತಾಗೋದು.’

ಇಲ್ಲಿಯದೇ ಒಂದು ಕಾಫಿ ಮೇಕರ್ ಕೊಂಡಿದ್ದರೆ ಟ್ರಾನ್ಸ್‌ಫಾರ್ಮರಿನ ಖರ್ಚೂ ಉಳಿಯುತ್ತಿತ್ತು, ಜಾಗವೂ ಉಳಿಯುತ್ತಿತ್ತು. ಆದರೆ ಅದನ್ನು ಸೊಸೆಯ ಎದುರು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇದ್ದಂತಿಲ್ಲ.

‘ತಾವಿದ್ದರೆ ನಿಶ್ಚಿಂತೆ ಅನ್ನಿ.’

‘ನನಗಿಂತ ಮುಂಚೆ ಈ ಹುದ್ದೆಯಲ್ಲಿ 1000 ವಿಎ ಒಬ್ಬ ಇದ್ದ. ಮೈಕ್ರೋವೇವ್ ಡಬ್ಬದ ಮೇಲೆ 1000 ವಾಟ್ ಅಂತ ನೋಡಿ ತಂದಿದ್ರು. ಅದು ಅನ್ನ-ಸಾರಿಗೆ ತಲುಪೋ ಲೆಕ್ಕ ಸ್ವಾಮಿ. ಗೋಡೆಯಿಂದ ಎಳೆಯೋದು 1500ರ ಆಸುಪಾಸು, ಹಿಂಬದಿಯ ಲೇಬಲ್ಲಿನಲ್ಲೇ ಬರೆದಿದೆ. ಪಾಪ, ಸುಟ್ಟುಹೋದ. ನಾನು 2000 ವಿಎ. ಆದರೂ ಮೊನ್ನೆ ಅಜ್ಜಿ ಬಂದು, ಬೆಚ್ಚಗಿದೆ ಬೇಗ ಒಣಗುತ್ತೆ ಅಂತ ಒದ್ದೆ ಕೈವಸ್ತ್ರ ನನ್ನ ಗಾಳಿಕಿಂಡಿ ಮೇಲೇ ಹರವಿದ್ರು!’

‘ಮೈಕ್ರೋವೇವಿನ ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ ಎಂದು ದೂರಿದೆಯಲ್ಲ?’

‘ಅಲ್ಲಿ 60 ಹರ್ಟ್ಸ್, ಇಲ್ಲಿ 50. ಅದು ನನ್ನ ಅಧಿಕಾರ ವ್ಯಾಪ್ತಿಗೆ ಬರಲ್ಲ. ನಾನು ವೋಲ್ಟೇಜ್ ಇಳಿಸ್ತೀನಿ, ಹರ್ಟ್ಸ್ ಬದಲಾಯಿಸಲ್ಲ. ಹಿಟ್ಟಿನ ಯಂತ್ರದ್ದು ಬ್ರಷ್ ಮೋಟಾರು, ಅದಕ್ಕೇನೂ ಅನ್ನಿಸಲ್ಲ. ಮೈಕ್ರೋವೇವ್ 60ಕ್ಕೆ ಮಾತ್ರ ಅಂತ ಹುಟ್ಟಿದ್ದು. ಅದರ ಹೊಟ್ಟೆಯೊಳಗೂ ನನ್ನ ಜಾತಿಯವನೇ ಒಬ್ಬ ಇದ್ದಾನೆ, 50ರಲ್ಲಿ ಅವನಿಗೆ ಮೈ ಸುಡುತ್ತೆ. ಅದನ್ನ ಮಾರಿಬಿಡಿ ಅಂತ ಷರಾ ಬರೆದಿದ್ದೀನಿ, ಯಾರೂ ಓದಿಲ್ಲ.’

ಲೇಬಲ್ಲಿನಲ್ಲಿ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿರುವ ಚಾರ್ಜರುಗಳ ಬಗ್ಗೆ ಕೇಳಿದಾಗ, ‘ಅವು ನನ್ನ ಹತ್ತಿರ ಬರೋದೇ ಬೇಡ, ಅವಕ್ಕೆ ಪಿನ್ ಹೊಂದಿಸೋ ಜವಾನನೇ ಸಾಕು’ ಎಂದು ಕೈತೊಳೆದುಕೊಂಡಿತು. ಅರ್ತಿಂಗ್ ವಿಷಯದಲ್ಲಿ ಮಾತ್ರ ದನಿ ತಗ್ಗಿತು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ತುರುಕಿದರೆ ಅರ್ತ್ ಅಲ್ಲಿಗೇ ಕಡಿಯುತ್ತದೆ. ಒಳಗೆ ಕರೆಂಟ್ ಸೋರಿದರೆ ಲೋಹದ ಮೈಯನ್ನು ಒದ್ದೆ ಕೈಯಲ್ಲಿ ಮುಟ್ಟಿದವರಿಗೆ ಶಾಕ್. ಮನೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ ಎಂದು ಎಲೆಕ್ಟ್ರಿಷಿಯನ್ ಹೇಳಿ ಹೋಗಿದ್ದಾನಂತೆ. ಸಂಕ್ರಾಂತಿ ಕಳೆಯಲಿ ಎಂದಿದ್ದಾರಂತೆ ಯಜಮಾನರು.

ಅಷ್ಟರಲ್ಲಿ ಸೊಸೆಯ ತಮ್ಮ ಒಸಾಕಾದಿಂದ ತಂದ ರೈಸ್ ಕುಕ್ಕರನ್ನು ಕಟ್ಟೆಯ ಮೇಲಿಟ್ಟ. ಟ್ರಾನ್ಸ್‌ಫಾರ್ಮರ್ ಅದರ ಲೇಬಲ್ ಓದಿತು. ‘100 ವೋಲ್ಟ್! ನನ್ನ 120 ಕೊಟ್ರೆ ಕಾಯಿಲಿಗೆ 44 ಪರ್ಸೆಂಟ್ ಹೆಚ್ಚು ಕಾವು. ನಂದು ಅಮೆರಿಕ ಸೆಕ್ಷನ್ ಸ್ವಾಮಿ, ಜಪಾನ್ ಫೈಲಿಗೆ ಬೇರೆ ಗುಮಾಸ್ತನ್ನ ನೋಡ್ಕೊಳ್ಳಿ’ ಎಂದಿತು.