ದ್ರೌಪದಿ ನಮ್ಮೂರವಳೇ ಆಗಲಿ

ಅಕ್ಕಾ, ಮಗಳು ನಾಟಕ ಓದ್ತೀನಿ ಅಂದ್ಲು ಅಂತ ಮೊನ್ನೆಯಿಂದ ನಿಮ್ಮನೇಲಿ ಯಾರೂ ಸರಿಯಾಗಿ ಊಟಾನೇ ಮಾಡಿಲ್ವಂತೆ. ಒಲೆ ಮೇಲೆ ಏನಾದ್ರೂ ಇದ್ರೆ ಇಳಿಸಿ ಬನ್ನಿ, ಇದು ಬೇಗ ಮುಗಿಯೋ ಮಾತಲ್ಲ.

"ನಾಟಕ ಆಡೋದು ಸರಿ, ಅದನ್ನ ಓದೋದೇನು?" ಅಂದ್ರಂತೆ ನಿಮ್ಮ ಯಜಮಾನ್ರು. ಅವರು ಕೇಳೋದು ಸಹಜಾನೇ. ನಮ್ಮ ಹೊನ್ನಾಳಿ, ನ್ಯಾಮತಿ ಕಡೆ ನಾಟಕ ಅಂದ್ರೆ ಜಾತ್ರೆ. ಸುಗ್ಗಿ ಮುಗೀತಿದ್ದಂಗೆ ಹಾರ್ಮೋನಿಯಂ ಮೇಷ್ಟ್ರನ್ನ ಕರೆಸ್ತಾರೆ, ರಾತ್ರಿ ಗುಡಿ ಕಟ್ಟೆ ಮೇಲೆ ತಾಲೀಮು ಶುರುವಾಗುತ್ತೆ, ಹಗಲೆಲ್ಲ ಗದ್ದೇಲಿದ್ದವನು ದುರ್ಯೋಧನ ಆಗ್ತಾನೆ. ಆ ಮೇಷ್ಟ್ರು ಏನೇನು ಕಲಿಸ್ತಾರೆ ಅಂತ ಒಂದು ಸಲ ಕೂತು ನೋಡಿ. ಯಾರ ಗಂಟಲು ಎಷ್ಟು ಏರುತ್ತೆ ಅಂತ ತಿಳ್ಕೊಂಡು ಶ್ರುತಿ ಹಿಡೀತಾರೆ. ಮಾತು ಎಲ್ಲಿ ನಿಲ್ಲಿಸಿ ಹಾಡು ಎತ್ತಬೇಕು, ಹಾಡಿನ ಕೊನೇಲಿ ಮತ್ತೆ ಮಾತಿಗೆ ಹೇಗೆ ಇಳೀಬೇಕು, ತಬಲಾ ಯಾವ ಏಟಿಗೆ ನಿಲ್ಲಬೇಕು, ಸಿಟ್ಟಿಗೆ ಯಾವ ರಾಗ, ಅಳುವಿಗೆ ಯಾವುದು. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಮರಾಠಿ ಕಂಪನಿಗಳಿಂದ ಬಂದ ಮಟ್ಟು, ಎಲ್ಲಾ ಬೆರೆತ ಹಾಡುಗಳು ಅವು. ಇಂಗ್ಲೆಂಡಲ್ಲಿ ಮ್ಯೂಸಿಕಲ್ ಥಿಯೇಟರ್ ಅಂತ ಹಾಡು, ಕುಣಿತ, ಅಭಿನಯ ಮೂರನ್ನೂ ಸೇರಿಸಿ ಯೂನಿವರ್ಸಿಟೀಲಿ ಡಿಗ್ರೀನೇ ಕೊಡ್ತಾರೆ. ನಮ್ಮಲ್ಲಿ ಆ ವಿದ್ಯೆ ಇರೋದು ಮೇಷ್ಟ್ರ ತಲೇಲಿ. ಅವರಿಗೆಲ್ಲ ವಯಸ್ಸಾಯ್ತು ಅಕ್ಕಾ. ಪಕ್ಕದಲ್ಲಿ ಕೂತು ಕಲಿತು ಬರೆದಿಡೋಕೆ ಓದಿದ ಮಕ್ಕಳು ಬೇಕು.

ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿ ನಿಮಗೆ ಗೊತ್ತಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿದ್ದು. ಅವರ ಮಗಳು ಲೀಲಾ ಅಲ್ಲೇ ಬೆಳೆದು, ಹಾಡಿ, ಆಡಿ, 1988ರಲ್ಲಿ ಪದ್ಮಶ್ರೀ ಪಡೆದ್ರು. ಅವರಿಗೆ ಕಂಪನೀನೇ ಕಾಲೇಜು. ಈಗ ಹುಡುಗೀರು ಹಂಗೆ ಕಲೀತೀನಿ ಅಂದ್ರೆ ಎಷ್ಟು ಕಂಪನಿ ಉಳಿದಿವೆ ಹೇಳಿ?

ನಿಮ್ಮ ಹೆದರಿಕೆ ಬೇರೇನೇ ಇದೆ, ನನಗೆ ಗೊತ್ತು. ನಾಳೆ ಸಂಬಂಧ ಕೇಳ್ಕೊಂಡು ಬಂದೋರು ಏನಂತಾರೋ ಅಂತ. ಆ ಹೆದರಿಕೆ ಎಲ್ಲಿಂದ ಬಂತು ಅಂತಾನೂ ಗೊತ್ತು. ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ ಕೃಷ್ಣ ನಮ್ಮೂರವನು, ಭೀಮ ನಮ್ಮೂರವನು, ಶಕುನೀನೂ ನಮ್ಮೂರವನೇ. ದ್ರೌಪದಿ ಮಾತ್ರ ದುಡ್ಡು ಕೊಟ್ಟು ಕರೆಸಿದ ಹೊರಗಿನವಳು. ಆ ಹೆಣ್ಮಗಳು ಸಂಜೆ ಬಸ್ಸಿಗೆ ಬಂದಿಳಿದು, ಗುರುತು ಪರಿಚಯ ಇಲ್ಲದವರ ಜತೆ ರಾತ್ರಿಯೆಲ್ಲ ಹಾಡಿ, ಮಾತು ಮರೆತವನಿಗೆ ಮಾತು ಕೊಟ್ಟು, ಬೆಳಗಿನ ಬಸ್ಸಿಗೆ ಹೊರಟು ಹೋಗ್ತಾಳೆ. ನಾಟಕ ನಿಂತಿರೋದು ಅವಳ ಮೇಲೆ, ಮಾರನೇ ದಿನ ಕಟ್ಟೆ ಮೇಲೆ ಆಡಿಕೊಳ್ಳೋದೂ ಅವಳನ್ನೇ. ನನಗಿದು ಯಾವತ್ತೂ ಸಹಿಸೋಕಾಗಿಲ್ಲ. ನಿಮ್ಮ ಹುಡುಗಿ ಓದಿ, ಕಲಿತು, ತಲೆಯೆತ್ತಿ ಆ ರಂಗದ ಮೇಲೆ ನಿಂತ್ರೆ ನಾನು ಮುಂದಿನ ಸಾಲಲ್ಲಿ ಕೂತ್ಕೋತೀನಿ.

ಎಲ್ಲಿ ಓದಿಸೋದು ಅನ್ನೋದೇ ಕಷ್ಟದ ಮಾತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಈ ನಾಲ್ಕೂ ತಾಲ್ಲೂಕಲ್ಲಿ ಡಿಗ್ರಿ ಕಾಲೇಜಿನ ನಾಟಕ ಅಂದ್ರೆ ವಾರ್ಷಿಕೋತ್ಸವದ ಸ್ಕಿಟ್ಟು. ಕನ್ನಡ ತಗೊಂಡೋರು ನಾಟಕದ ಪಠ್ಯ ಓದಿ ಪರೀಕ್ಷೆ ಬರೀತಾರೆ, ಅಷ್ಟೇ. ಚಿತ್ರಕಲೆಗಾದ್ರೆ ದಾವಣಗೆರೇಲಿ 1964ರಿಂದ ಕಾಲೇಜಿದೆ, ಈಗದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಕೊಂಡಜ್ಜೀಲಿ ವೃತ್ತಿ ರಂಗಭೂಮಿ ರಂಗಾಯಣಾನೂ ಬಂದಿದೆ. ವಿಶ್ವವಿದ್ಯಾಲಯದವರೂ ಇವರೂ ಕೂಡ್ಕೊಂಡು ಒಂದು ಪದವಿ ಶುರು ಮಾಡಿ, ಜಗಳೂರು ಕಡೆಯ ದೊಡ್ಡಾಟದ ಭಾಗವತರನ್ನ, ನಮ್ಮ ಹಾರ್ಮೋನಿಯಂ ಮೇಷ್ಟ್ರನ್ನ ಪಾಠಕ್ಕೆ ಕರೆಸಿದ್ರೆ ಎಷ್ಟು ಚೆನ್ನಾಗಿರುತ್ತೆ! ಕೇಳೋ ಜಾಗದಲ್ಲಿ ನಾವೇ ಕೇಳಬೇಕು, ನಾನಂತೂ ಅರ್ಜಿ ಬರೀತೀನಿ, ನೀವು ಸಹಿ ಹಾಕಿ.

ಸದ್ಯಕ್ಕೆ ಹತ್ತಿರ ಇರೋದು ಹೆಗ್ಗೋಡಿನ ನೀನಾಸಂ. ಅಲ್ಲಿ ಸುಬ್ಬಣ್ಣನವರು 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದ್ರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳೀಲಿ ಶಿವಕುಮಾರ ರಂಗಪ್ರಯೋಗಶಾಲೆ ಇದೆ, ಚನ್ನಗಿರಿಯವರಿಗೆ ಅದೇ ಹತ್ತಿರ. ಎರಡೂ ಕಡೆ ಒಂದು ವರ್ಷದ ಡಿಪ್ಲೊಮಾ, ಅಲ್ಲೇ ಇದ್ದು ಕಲಿಯೋದು. ಪದವೀನೇ ಬೇಕು ಅಂದ್ರೆ ಮೈಸೂರು, ಬಿ.ಪಿ.ಎ. ಅಂತ.

ನನ್ನ ಕೇಳಿದ್ರೆ ಪದವಿ ಬಿಡೋದು ಬೇಡ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೇಲಿ ಮೂರು ವರ್ಷದ ಕೋರ್ಸಿಗೆ ಪದವಿ ಆಗಿರಬೇಕು. ಬಿ.ವಿ. ಕಾರಂತರನ್ನೇ ನೋಡಿ. ಚಿಕ್ಕ ವಯಸ್ಸಲ್ಲಿ ಗುಬ್ಬಿ ಕಂಪನಿ ಸೇರಿದವರು, ಆಮೇಲೆ ಕಾಶೀಲಿ ಹಿಂದಿ ಎಂ.ಎ. ಮಾಡಿ, ಆ ದೆಹಲಿ ಶಾಲೇಲಿ ಕಲಿತು, ಮುಂದೆ ಅಲ್ಲಿಗೇ ನಿರ್ದೇಶಕರಾದ್ರು. 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದ್ದೂ ಅವರೇ. ಇಷ್ಟೆಲ್ಲ ಓದಿದ್ರೂ ಕಂಪನಿ ಹಾಡು ಅವರ ಗಂಟಲಿಂದ ಹೋಗಲಿಲ್ಲ. ಶ್ರೀರಂಗರ 'ಸತ್ತವರ ನೆರಳು' ನಾಟಕಕ್ಕೆ ಪುರಂದರದಾಸರ ಪದಗಳನ್ನ ಜೋಡಿಸಿದ್ರಲ್ಲ, ಆ ಹಾಡುಗಳಿಗೋಸ್ಕರಾನೇ ಎಷ್ಟೋ ಜನ ನಾಟಕ ನೋಡೋಕೆ ಹೋದ್ರು.

ಸಂಬಳದ ವಿಷಯದಲ್ಲಿ ನಿಮಗೆ ಸುಳ್ಳು ಹೇಳಲ್ಲ. ಸರ್ಕಾರಿ ಪ್ರೌಢಶಾಲೆಗೆ ನಾಟಕದ ಮೇಷ್ಟ್ರನ್ನ ನೇಮಿಸಿದ್ದುಂಟು, ಹುದ್ದೆ ಕಡಿಮೆ. ತಿರುಗಾಟದ ತಂಡ, ಮಕ್ಕಳ ಬೇಸಿಗೆ ಶಿಬಿರ, ಧಾರಾವಾಹಿ, ಹಿಂಗೇ ಒಂದಕ್ಕೊಂದು ಸೇರಿಸ್ಕೊಂಡು ಬದುಕಬೇಕು. ಮೊದಲೊಂದಷ್ಟು ವರ್ಷ ಮನೆಯವರ ಆಸರೆ ಬೇಕೇ ಬೇಕು. ಅದಕ್ಕೇ ಇವತ್ತು ನಿಮ್ಮನ್ನ ನಿಲ್ಲಿಸ್ಕೊಂಡಿದ್ದು.

ಸಾಣೇಹಳ್ಳೀಲಿ ನವೆಂಬರ್ ಶುರುವಲ್ಲಿ ನಾಟಕೋತ್ಸವ ಇರುತ್ತೆ, ಬಯಲು ರಂಗಮಂದಿರದಲ್ಲಿ. ಹುಡುಗೀನ ಕರ್ಕೊಂಡು ಹೋಗೋಣ. ನಿಮ್ಮ ಯಜಮಾನ್ರನ್ನೂ ಹೊರಡಿಸಿ, ಅಲ್ಲಿ ಕಲಿಯೋ ಮಕ್ಕಳನ್ನ ಅವರೇ ಕಣ್ಣಾರೆ ನೋಡಿ ಮಾತಾಡಿಸ್ಲಿ.